1887ರ ಒಂದು ವರದಿ ಮತ್ತು ನಮ್ಮ ಹಳೆಯ ಪತ್ರಿಕೆಗಳು

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ 1887ನೆಯ ಇಸವಿ ಮಾರ್ಚ್ 14ರಂದು ಭಗವಾನ್ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕವು ನೆರವೇರಿತು. ಕೊಲ್ಹಾಪುರ ಮಠದ ಲಕ್ಷ್ಮೀಸೇನ ಭಟ್ಟಾರಕ ಸ್ವಾಮಿಗಳು ಅದರ ನೇತೃತ್ವ ವಹಿಸಿದ್ದರು. ಅಂದು ಎಷ್ಟು ಜನ ಸೇರಿದ್ದರು, ಯಾವ ಯಾವ ದ್ರವ್ಯಗಳಿಂದ ಅಭಿಷೇಕವಾಯಿತು, ಎಷ್ಟು ಹೊತ್ತಿಗೆ ಕಲಶಗಳು ಮೇಲೇರಿದವು ಎಂಬುದನ್ನು ನಾವು ಇಂದಿಗೂ ಹೇಳಬಲ್ಲೆವು. ಆದರೆ ಹಾಗೆ ಹೇಳುವಾಗ ವಿದ್ವಾಂಸರು ಪದೇ ಪದೇ ಆಧಾರವಾಗಿ ಕೊಡುತ್ತಿರುವುದು ಜೈನರು ಬರೆದಿಟ್ಟ ದಾಖಲೆಯನ್ನಲ್ಲ. ಕ್ರೈಸ್ತ ಮಿಷನರಿಗಳ ‘ಹಾರ್ವೆಸ್ಟ್ ಫೀಲ್ಡ್’ ಎಂಬ ಇಂಗ್ಲಿಷ್ ಮಾಸಪತ್ರಿಕೆಯ 1887ರ ಮೇ ಸಂಚಿಕೆಯನ್ನು. ಪ್ರಾಕ್ತನವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯಲ್ಲಿ ಆ ವರದಿಯನ್ನು ಎತ್ತಿ ಸೇರಿಸಿದರು. ಹಾಗೆ ಸೇರಿಸದೆ ಹೋಗಿದ್ದರೆ ಅದೂ ನಮ್ಮ ಕಣ್ಣಿಗೆ ಬೀಳುವುದು ಕಷ್ಟವಿತ್ತು. ಒಂದು ಜೈನ ಮಹೋತ್ಸವದ ನೆನಪನ್ನು ಕ್ರೈಸ್ತರ ಪತ್ರಿಕೆ ಬರೆದಿಟ್ಟಿತು, ಶ್ರೀವೈಷ್ಣವ ಪಂಡಿತರೊಬ್ಬರು ಉಳಿಸಿಕೊಟ್ಟರು. ಈ ಸಂಗತಿಯನ್ನು ಕುರಿತು ನಮ್ಮ ಸಮಾಜದವರು ಸ್ವಲ್ಪ ಯೋಚಿಸಬೇಕಾಗಿದೆ.

ಮೊದಲು ವರದಿಯಲ್ಲಿ ಏನಿದೆಯೆಂಬುದನ್ನು ನೋಡೋಣ. ಸುಮಾರು 20 ಸಾವಿರ ಯಾತ್ರಿಕರು ಸೇರಿದ್ದರು. ಅವರಲ್ಲಿ ಬಂಗಾಳದವರೂ ಗುಜರಾತಿನವರೂ ಇದ್ದರು, ತಮಿಳರು ಬಹುಸಂಖ್ಯೆಯಲ್ಲಿದ್ದರು. ಕೆಲವರು ಒಂದು ತಿಂಗಳು ಮೊದಲೇ ಬಂದಿಳಿದಿದ್ದರು. ಆ ತಿಂಗಳಿಡೀ ಎಲ್ಲ ಬಸದಿಗಳಲ್ಲಿ ನಿತ್ಯಪೂಜೆ, ಸ್ವಾಮಿಗೆ ಪಾದಪೂಜೆ ನಡೆದವು. ಅಭಿಷೇಕದ ದಿನ ಬೆಳಕು ಹರಿಯುವ ಮೊದಲೇ ಜನ ಬೆಟ್ಟ ಹತ್ತತೊಡಗಿದರು. ಬಣ್ಣದ ಸೀರೆಯುಟ್ಟ ಹೆಂಗಸರೂ ಹೆಣ್ಣುಮಕ್ಕಳೂ ಹಿತ್ತಾಳೆಯ ಇಲ್ಲವೆ ಮಣ್ಣಿನ ಕೊಡಗಳನ್ನು ಹೊತ್ತು ಬಂದರು. ಹತ್ತು ಗಂಟೆಯ ವೇಳೆಗೆ ಪ್ರಾಕಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ವಾಮಿಯ ಎದುರಿಗೆ ಹಳದಿ ಬಣ್ಣದ ಭತ್ತವನ್ನು ಹರವಿ, ಅದರ ಮೇಲೆ ಚಿತ್ತಾರ ಬರೆದ ಸಾವಿರ ಮಣ್ಣಿನ ಕಲಶಗಳನ್ನಿರಿಸಿ, ಮಾವಿನೆಲೆ ತೆಂಗಿನಕಾಯಿಗಳಿಂದ ಅಲಂಕರಿಸಿದ್ದರು. ಬೆಳಗ್ಗೆ ಒಂದು ಅಭಿಷೇಕ. ಮಧ್ಯಾಹ್ನ ಎರಡು ಗಂಟೆಗೆ ಮಹಾಭಿಷೇಕ. ಕೊನೆಯಲ್ಲಿ ಬಳಸಿದ ದ್ರವ್ಯಗಳು ಹದಿನೈದು: ನೀರು, ತೆಂಗಿನಕಾಯಿ ತುರಿ, ಬಾಳೆಹಣ್ಣು, ಬೆಲ್ಲ, ತುಪ್ಪ, ಸಕ್ಕರೆ, ಬಾದಾಮಿ, ಖರ್ಜೂರ, ಗಸಗಸೆ, ಹಾಲು, ಮೊಸರು, ಶ್ರೀಗಂಧ, ಚಿನ್ನದ ಹೂ, ಬೆಳ್ಳಿಯ ಹೂ, ಬೆಳ್ಳಿಯ ನಾಣ್ಯ. ಹೂಗಳೊಡನೆ ಒಂಬತ್ತು ಬಗೆಯ ರತ್ನಗಳು ಬೆರೆತಿದ್ದವು. ನಾಣ್ಯಗಳ ಮೊತ್ತ 500 ರೂಪಾಯಿ.

ದಿನಸಿ ವ್ಯಾಪಾರದಲ್ಲಿ ಜೀವಮಾನ ಕಳೆದ ನನ್ನಂಥವನಿಗೆ ಈ ಪಟ್ಟಿ ಬಹಳ ಹಿಡಿಸಿತು. ಕ್ರಮಸಂಖ್ಯೆ ಹಾಕಿ ಬರೆದಿರುವ ಪಟ್ಟಿಯಿದು, ಅಂಗಡಿಯ ಬೀಜಕದಂತಿದೆ. ಒಂದೇ ಒಂದು ಲೆಕ್ಕ ಮಾತ್ರ ಕೂಡುವುದಿಲ್ಲ. ಸಾವಿರ ಕಲಶಗಳಿದ್ದ ಜಾಗದ ವಿಸ್ತೀರ್ಣವನ್ನು ವರದಿಯು 40 ಚದರ ಅಡಿ ಎನ್ನುತ್ತದೆ. ನಲವತ್ತು ಚದರ ಅಡಿಯೆಂದರೆ ಆರೂಕಾಲು ಅಡಿ ಉದ್ದ, ಅಷ್ಟೇ ಅಗಲ. ಒಂದು ಜಮಖಾನೆಯಷ್ಟೂ ಆಗಲಿಲ್ಲ. ಅದರಲ್ಲಿ ಸಾವಿರ ಕೊಡಗಳನ್ನಿಡುವುದು ಸಾಧ್ಯವಿಲ್ಲದ ಮಾತು. ನಲವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಚೌಕವೆಂದು ತಿಳಿದರೆ 1,600 ಚದರ ಅಡಿಯಾಗುತ್ತದೆ, ಲೆಕ್ಕ ಸರಿಹೊಂದುತ್ತದೆ. ವರದಿಗಾರನ ಅಭಿಪ್ರಾಯ ಅದೇ ಇದ್ದಿರಬೇಕು. ಆದರೂ ಒಂದು ಶತಮಾನದಿಂದ ಆ ಅಂಕಿಯನ್ನು ನಾವು ಹಾಗೆಯೇ ನಕಲು ಮಾಡಿಕೊಂಡು ಬಂದಿದ್ದೇವೆ. ಅಚ್ಚಿನಲ್ಲಿ ಬಂದದ್ದನ್ನು ತಾಳೆ ನೋಡುವ ಅಭ್ಯಾಸ ನಮಗೆ ಕಡಿಮೆ.

ಇನ್ನು ವರದಿಯ ಗುಣವಾಚಕಗಳು. ಕೊಡಗಳ ಬಣ್ಣಕ್ಕೂ ಹೆಂಗಸರ ಉಡುಗೆಗೂ ಮೆಚ್ಚುಗೆಯ ಮಾತು ಸಂದಿದೆ. ಮಂಗಳವಾದ್ಯಗಳಿಗೆ ಮಾತ್ರ, ಕಿವಿಗೆ ಭಯಂಕರವಾದ ಅಪಸ್ವರವೆಂಬ ಬಿರುದು. ಬಾಹುಬಲಿ ಯಾರು, ಗೆದ್ದ ರಾಜ್ಯವನ್ನು ಆತನು ಏಕೆ ಬಿಟ್ಟನು, ಏನೂ ಇಲ್ಲದೆ ನಿಂತವನ ತಲೆಯ ಮೇಲೆ ಚಿನ್ನದ ಹೂವನ್ನು ಏಕೆ ಸುರಿಯುತ್ತಾರೆ ಎಂಬ ಪ್ರಶ್ನೆಗಳು ಉಲ್ಲೇಖಗೊಂಡಿರುವ ಭಾಗದಲ್ಲಿ ಏಳುವುದೇ ಇಲ್ಲ. ಕಣ್ಣಿಗೆ ಕಂಡದ್ದು, ಎಣಿಸಲು ಸಿಕ್ಕಿದ್ದು, ಅಳೆಯಲು ಬಂದದ್ದು ಎಲ್ಲವೂ ಇದೆ, ಮನಸ್ಸಿನಲ್ಲಿದ್ದದ್ದು ಇಲ್ಲ. ಆದರೆ ಆತನು ಸುಳ್ಳು ಬರೆಯಲಿಲ್ಲ. ನೆರೆದ ಜನ ಭಾವಪರವಶರಾದರೆಂಬುದನ್ನು ಮುಚ್ಚಿಡಲಿಲ್ಲ. ಉತ್ತರದವರು ಜಯಘೋಷ ಮಾಡಿದರು, ದಕ್ಷಿಣದವರು ‘ಅಹಹಾ’ ಎಂದು ಉದ್ಗರಿಸಿದರು ಎಂಬ ಸೂಕ್ಷ್ಮವನ್ನೂ ಕೇಳಿಸಿಕೊಂಡು ಬರೆದಿದ್ದಾನೆ. ನಮ್ಮ ನಯವಾದದ ಭಾಷೆಯಲ್ಲಿ ಹೇಳುವುದಾದರೆ ಅದೊಂದು ನಯ. ತನ್ನ ಮಟ್ಟಿಗೆ ಸತ್ಯವಾದ, ತನ್ನ ಮಟ್ಟಿಗೆ ಮಾತ್ರ ಸತ್ಯವಾದ ನೋಟ. ಮಿಷನ್ನಿನ ಪತ್ರಿಕೆಯನ್ನು ಓದುವವರು ಮಿಷನ್ನಿಗೆ ಹಣ ಕೊಡುವವರು, ಮಿಷನ್ನಿನ ಕೆಲಸಗಾರರು. ಅವರಿಗೆ ಬೇಕಾದದ್ದನ್ನು, ಅವರ ಮನೆಯ ಭಾಷೆಯಲ್ಲಿ ಆತನು ಬರೆದನು.

ಪತ್ರಿಕೆಯೆಂದರೆ ಸಮಾಜದ ಕನ್ನಡಿ ಎಂದು ಭಾಷಣಗಳಲ್ಲಿ ಹೇಳುವುದುಂಟು. ನನಗೆ ಅದು ಕನ್ನಡಿಗಿಂತ ಕಿರ್ದಿಯಂತೆ ಕಾಣುತ್ತದೆ. ಕನ್ನಡಿಯು ಎದುರಿಗಿರುವುದನ್ನೆಲ್ಲ ತೋರಿಸಿಬಿಡುತ್ತದೆ. ಕಿರ್ದಿಯಲ್ಲಿ ಬರುವುದು ಯಜಮಾನನು ಬರೆಯತಕ್ಕದ್ದೆಂದು ಎಣಿಸಿದ್ದು ಮಾತ್ರ. ಯಾವುದನ್ನು ಬರೆದ, ಯಾವ ಖಾತೆಗೆ ಹಾಕಿದ, ಯಾವುದನ್ನು ಬಾಯಿಮಾತಿನಲ್ಲೇ ಬಿಟ್ಟ ಎಂಬುದರಿಂದ ಆ ಮನೆಯ ನೀತಿ ಗೊತ್ತಾಗುತ್ತದೆ. ಪರಕೀಯರ ಆಳ್ವಿಕೆಯ ಕಾಲದ ಪತ್ರಿಕೆಗಳನ್ನು ಈ ದೃಷ್ಟಿಯಿಂದ ಓದಿದರೆ ಒಂದೊಂದು ಸಮಾಜವೂ ಯಾವುದಕ್ಕೆ ಬೆಲೆ ಕಟ್ಟುತ್ತಿತ್ತೆಂಬುದು ಅಗ್ರಲೇಖನಗಳಿಗಿಂತ ಹೆಚ್ಚಾಗಿ ಸಣ್ಣಪುಟ್ಟ ಸುದ್ದಿಗಳಲ್ಲಿ, ಚಂದಾದಾರರ ಪಟ್ಟಿಗಳಲ್ಲಿ, ಮೌನಗಳಲ್ಲಿ ತಿಳಿದುಬರುತ್ತದೆ.

ಕನ್ನಡದ ಮೊದಲ ಪತ್ರಿಕೆಯೂ ಮಿಷನ್ನಿನ ಮನೆಯಿಂದಲೇ ಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಹಾಳೆಗಳಲ್ಲಿ ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ಹೊರರಾಜ್ಯಗಳ ಸುದ್ದಿ, ನೀತಿಕಥೆ ಎಲ್ಲವೂ ಇದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮೂಡಬಿದಿರೆ, ಕಾರ್ಕಳ, ವೇಣೂರುಗಳು ಮಂಗಳೂರಿಗೆ ದೂರವಲ್ಲ. ತಾಳೆಗರಿಯಲ್ಲಿ ಕಂಠಪತ್ರದಿಂದ ಕೊರೆದು ಬರೆಯುವ ಪರಂಪರೆ ಜೀವಂತವಾಗಿದ್ದ ಜಿಲ್ಲೆಯಲ್ಲಿಯೇ ಕನ್ನಡದ ಕಲ್ಲಚ್ಚು ಸುದ್ದಿಯನ್ನು ಮಾರತೊಡಗಿತ್ತು.

ನಮ್ಮ ತುಮಕೂರು ಸೀಮೆಗೂ ಮಿಷನ್ನಿನವರು ಆ ಹೊತ್ತಿಗೆ ಬಂದಿದ್ದರು. ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರ್ 1839ರಲ್ಲಿ ಭಾರತಕ್ಕೆ ಬಂದು ಗುಬ್ಬಿಯಲ್ಲಿ ಕೆಲಸಮಾಡಿದರು. ತಾಯ್ನಾಡಿಗೆ ಹಿಂದಿರುಗಿ 1847ರಲ್ಲಿ ತಮ್ಮ ಮೈಸೂರು ಸೀಮೆಯ ಅನುಭವಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗುಬ್ಬಿಯ ಸಂತೆಯೂ ಬೀದಿಯೂ ಲಂಡನ್ನಿನ ಓದುಗರಿಗೆ ಪರಿಚಯವಾದದ್ದು ಹೀಗೆ. ಅದೇ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ ಬಸದಿಯಿದೆ. ತುಮಕೂರಿನ ಬಳಿ ಮಂದರಗಿರಿಯ ಬಸದಿಗಳಿವೆ. ಅವುಗಳ ವಿಷಯವಾಗಿ ಆಗಿನ ನಮ್ಮವರು ಊರ ಹೊರಗಿನವರಿಗೆ ತಿಳಿಯುವಂತೆ ಏನನ್ನೂ ಬರೆಯಲಿಲ್ಲ. ಕಲ್ಲಿನಲ್ಲಿ ಶಾಸನ ಕೆತ್ತಿಸಿದ ವಂಶದವರು ಕಾಗದದ ಕಾಲ ಬಂದಾಗ ಸುಮ್ಮನಿದ್ದರೆನ್ನಬೇಕು.

ಇದಕ್ಕೆ ಕಾರಣಗಳಿಲ್ಲದಿಲ್ಲ. 1901ರ ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದ 55 ಲಕ್ಷ ಪ್ರಜೆಗಳಲ್ಲಿ ಜೈನರು ಸುಮಾರು 14 ಸಾವಿರ ಮಾತ್ರ. ಅವರೂ ಹಳ್ಳಿಹಳ್ಳಿಗೆ ಹತ್ತಾರು ಮನೆಗಳಂತೆ ಚದುರಿದ್ದರು. ಒಕ್ಕಲುತನ, ಸಣ್ಣ ವ್ಯಾಪಾರ, ಪೌರೋಹಿತ್ಯ ಇವೇ ಜೀವನೋಪಾಯ. ಪತ್ರಿಕೆ ತಲಪುವುದೂ ಸುಲಭವಿರಲಿಲ್ಲ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಸಂಸ್ಥಾನದ ಸ್ವಂತ ಅಂಚೆಯು ಬ್ರಿಟಿಷ್ ಇಂಡಿಯಾದ ಟಪ್ಪಾಲಿನೊಡನೆ ಸೇರಿದ್ದು 1889ರಲ್ಲಿ. ನಮ್ಮ ಕೊತ್ತಗೆರೆಯಂಥ ಕುಣಿಗಲ್ ತಾಲ್ಲೂಕಿನ ಊರುಗಳಿಗೆ ರಸ್ತೆಯೇ ಗತಿ. ಕುಣಿಗಲ್ಲಿಗೆ ರೈಲು ಬಂದು ಅದೇ ದಾರಿ ಶ್ರವಣಬೆಳಗೊಳಕ್ಕೂ ಕೂಡಿಕೊಂಡದ್ದು 2017ರಲ್ಲಿ. ಬೊಂಬಾಯಿಯಿಂದಲೋ ಸೊಲ್ಲಾಪುರದಿಂದಲೋ ಹೊರಟ ಜೈನ ಪತ್ರಿಕೆಯೊಂದು ಇಂಥ ಹೋಬಳಿಯ ಮನೆಯನ್ನು ತಲಪಬೇಕಾದರೆ ಮನೆಯವರಿಗೆ ಓದುವ ಆಸಕ್ತಿಯ ಜೊತೆಗೆ ಮರಾಠಿಯೋ ಹಿಂದಿಯೋ ಬರಬೇಕಾಗಿತ್ತು.

ಆದರೆ ನೆರೆಹೊರೆಯ ಸಮಾಜಗಳೂ ಇದೇ ರಸ್ತೆಗಳಲ್ಲಿ, ಇದೇ ಅಂಚೆಯಲ್ಲಿ ವ್ಯವಹರಿಸುತ್ತಿದ್ದವು. ಯಜಮಾನ ವೀರಸಂಗಪ್ಪನವರು 1881ರಲ್ಲಿ ಮೈಸೂರಿನಲ್ಲಿ ‘ಮೈಸೂರು ಸ್ಟಾರ್’ ಪತ್ರಿಕೆಯನ್ನು ಆರಂಭಿಸಿದರು. ಹೆಸರು ಇಂಗ್ಲಿಷಿನದಾದರೂ ವೀರಶೈವ ಸಮಾಜದ ದನಿಯಾಗಿ ಅದು ನಿಂತಿತು. ಮಕ್ಕಳ ವಿದ್ಯಾಭ್ಯಾಸ, ಸರ್ಕಾರಿ ಉದ್ಯೋಗ, ಗಣತಿಯಲ್ಲಿ ತಮ್ಮವರ ಸ್ಥಾನ ಇವು ಅದರ ಕಾಳಜಿಗಳು. ಒಕ್ಕಲಿಗರ ಸಂಘವು 1906ರಲ್ಲಿ ಸ್ಥಾಪನೆಯಾಗುತ್ತಲೇ ‘ಒಕ್ಕಲಿಗರ ಪತ್ರಿಕೆ’ಯೂ ಬಂದಿತು. ವೆಸ್ಲಿಯನ್ ಮಿಷನ್ನಿನವರು ಆ ಮಸ್ತಕಾಭಿಷೇಕದ ವರ್ಷವೇ, ಅಂದರೆ 1887ರಲ್ಲಿ, ಮೈಸೂರಿನಿಂದ ಕನ್ನಡದಲ್ಲಿ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ಜನರು ತಾತಯ್ಯ ಎಂದು ಕರೆದ ಮಹನೀಯರು, ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ‘ಸಂಪದಭ್ಯುದಯ’ ಮೊದಲಾದ ಪತ್ರಿಕೆಗಳನ್ನು ನಡೆಸಿ ಸರ್ಕಾರದ ತಪ್ಪುಗಳನ್ನು ನೇರವಾಗಿ ಆಡಿತೋರಿಸುತ್ತಿದ್ದರು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕೆಗಳನ್ನು ಸರ್ಕಾರದ ಹಿಡಿತಕ್ಕೆ ಒಳಪಡಿಸುವ ಕಾನೂನು ಬಂದಾಗ ತಾತಯ್ಯನವರು ಅದಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ನಷ್ಟವನ್ನು ಒಪ್ಪಿಕೊಂಡು ಬಾಗಿಲು ಮುಚ್ಚುವುದೂ ಒಂದು ಬಗೆಯ ಸತ್ಯವ್ರತವೆಂದು ನನ್ನ ಭಾವನೆ.

ಇಂಥವುಗಳಲ್ಲಿ ಕೆಲವನ್ನು ‘ಜಾತಿಪತ್ರಿಕೆ’ಗಳೆಂದು ಹಗುರವಾಗಿ ಕಾಣುವವರಿದ್ದಾರೆ. ಜಾತಿಜಾತಿಗಳ ನಡುವೆ ಅಂತರವನ್ನು ಹೆಚ್ಚಿಸಿದವೆಂಬ ಆಕ್ಷೇಪವು ಪೂರ್ತಿ ಸುಳ್ಳಲ್ಲ. ಆದರೆ ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಹುಡುಗನಿಗೆ ಊಟ, ವಸತಿ ಎಲ್ಲಿ ಸಿಗುತ್ತದೆಂದು ತಿಳಿಸುತ್ತಿದ್ದುದೂ ಇಂಥ ಪತ್ರಿಕೆಗಳೇ. ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳಬೇಕು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರೂ ಎಸ್.ಜಿ. ನರಸಿಂಹಾಚಾರ್ಯರೂ ಸೇರಿ 1890ರ ದಶಕದಲ್ಲಿ ‘ಕರ್ಣಾಟಕ ಕಾವ್ಯಮಂಜರಿ’ ಎಂಬ ಮಾಸಪತ್ರಿಕೆಯಲ್ಲಿ ಹಳಗನ್ನಡ ಕಾವ್ಯಗಳನ್ನು ಕಂತುಕಂತಾಗಿ ಅಚ್ಚುಹಾಕಿದಾಗ ಜೈನ ಕವಿಗಳ ಕೃತಿಗಳೂ ಬೆಳಕು ಕಂಡವು. ಅವರು ಜೈನರಲ್ಲ. ತಮ್ಮ ಜಾತಿಯ ಎಲ್ಲೆಯನ್ನು ದಾಟಿ ಕನ್ನಡವೇ ತಮ್ಮ ಸಮಾಜವೆಂದು ಬಗೆದವರ ಪತ್ರಿಕೆಯದು.

ಜೈನರದೇ ಪತ್ರಿಕೆಗಳು ಹುಟ್ಟಿದ್ದು ಸಂಸ್ಥಾನದ ಹೊರಗೆ. ಸೊಲ್ಲಾಪುರದ ವರ್ತಕರಾದ ಹಿರಾಚಂದ ನೇಮಚಂದ ದೋಶಿಯವರು 1884ರಲ್ಲಿ ಮರಾಠಿಯಲ್ಲಿ ‘ಜೈನಬೋಧಕ’ವನ್ನು ಆರಂಭಿಸಿದರು. ಉತ್ತರದಲ್ಲಿ ದಿಗಂಬರ ಜೈನ ಮಹಾಸಭೆಯ ‘ಜೈನ ಗೆಜೆಟ್’ 1895ರಲ್ಲಿ ಬಂದಿತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಯಾಯಿತು. ಮುಂದೆ ಅದರ ಮುಖಪತ್ರಿಕೆಯು ‘ಪ್ರಗತಿ ಆಣಿ ಜಿನವಿಜಯ’ ಎಂಬ ಜೋಡಿಹೆಸರಿನಿಂದ ಪ್ರಸಿದ್ಧವಾಯಿತು. ಆ ಸಭೆಯ ಹಿರಿಯರಲ್ಲೊಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು ಮುಂದೆ ಕೊಲ್ಹಾಪುರದ ದಿವಾನರೂ ಬೊಂಬಾಯಿ ಪ್ರಾಂತದ ಅರ್ಥಸಚಿವರೂ ಆದರು. ಆ ಭಾಗದ ನಮ್ಮವರಲ್ಲಿ ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿ ಕಲಿತವರು ಬಹಳ. ಒಕ್ಕಲುತನದ ಚತುರ್ಥರನ್ನೂ ವ್ಯಾಪಾರದ ಪಂಚಮರನ್ನೂ ಒಂದೇ ಚಾವಡಿಗೆ ಕರೆತರುವುದು ಸಭೆಯ ಉದ್ದೇಶಗಳಲ್ಲೊಂದಾಗಿತ್ತು. ಕನ್ನಡದಲ್ಲಿ ‘ವಿವೇಕಾಭ್ಯುದಯ’ದಂಥ ಜೈನ ಮಾಸಪತ್ರಿಕೆಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಈ ಪತ್ರಿಕೆಗಳ ಮುಂದಿದ್ದ ಅತಿ ದೊಡ್ಡ ಪ್ರಶ್ನೆಯನ್ನು ಇಂದಿನ ತರುಣರು ಊಹಿಸಲಾರರು. ಧರ್ಮಗ್ರಂಥಗಳನ್ನು ಅಚ್ಚುಹಾಕಬಹುದೇ ಕೂಡದೇ ಎಂಬುದೇ ಆ ಪ್ರಶ್ನೆ. ಕೂಡದೆಂದವರು ಮೂರ್ಖರಾಗಿರಲಿಲ್ಲ. ಮಸಿ ಹಚ್ಚುವ ರೋಲರುಗಳನ್ನು ಆಗ ಚರ್ಮ ಮೂಳೆಗಳಿಂದ ತೆಗೆದ ಅಂಟನ್ನು ಕಾಕಂಬಿಯೊಡನೆ ಕಾಯಿಸಿ ಎರಕ ಹೊಯ್ದು ಮಾಡುತ್ತಿದ್ದರು. ಅಹಿಂಸೆಯನ್ನು ಬೋಧಿಸುವ ಸೂತ್ರವು ಅಂಥ ರೋಲರಿನ ಕೆಳಗೆ ಹೊರಳಬೇಕೆ? ಅಚ್ಚಾದ ಹಾಳೆ ನಾಳೆ ರದ್ದಿಯಾಗಿ ಕಾಲಡಿಗೆ ಬಿದ್ದರೆ ಶ್ರುತದ ಆಶಾತನೆಯಲ್ಲವೆ? ಸ್ನಾನಮಾಡಿ, ಶುಚಿಯಾಗಿ ಕುಳಿತು ಬರೆಯುವ ಲಿಪಿಕಾರನಿಗೂ ಮೊಳೆಗಳನ್ನು ಜೋಡಿಸುವ ಕೂಲಿಗೂ ಭೇದವಿಲ್ಲವೆ? ಇನ್ನೊಂದು ಪಕ್ಷದವರು ಕೇಳಿದ ಪ್ರಶ್ನೆಗಳೂ ಅಷ್ಟೇ ಗಟ್ಟಿಯಾಗಿದ್ದವು. ಗೆದ್ದಲು ತಿನ್ನುತ್ತಿರುವ ಗ್ರಂಥವನ್ನು ಬೀಗದಲ್ಲಿಡುವುದು ಯಾವ ವಿನಯ? ಬಡ ಶ್ರಾವಕನೂ ಶ್ರಾವಿಕೆಯರೂ ಸ್ವಾಧ್ಯಾಯ ಮಾಡುವುದು ಹೇಗೆ? ದೇವಬಂದದ ಬಾಬು ಸೂರಜಭಾನ ವಕೀಲರು ‘ಜೈನ ಗೆಜೆಟ್’ನ ಸಂಪಾದಕರಾಗಿದ್ದವರು, ಗ್ರಂಥಮುದ್ರಣದ ಪರವಾಗಿ ನಿಂತದ್ದಕ್ಕೆ ತಮ್ಮವರಿಂದಲೇ ನಿಂದೆ, ವಿರೋಧಗಳನ್ನು ಎದುರಿಸಿದರು. ಮುದ್ರಣದ ವಿಷಯವಾಗಿ ಸಂಪ್ರದಾಯಸ್ಥರು ಹಿಂಜರಿಯುತ್ತಿದ್ದ ಮಹಾಸಭೆಯ ಸುದ್ದಿಯೇ ಪ್ರತಿ ಸಂಚಿಕೆಯೂ ಅಚ್ಚಾಗಿಯೇ ಹೊರಬರುತ್ತಿತ್ತು.

ಈ ವಾದದ ಬೇರು ನಮ್ಮ ಕನ್ನಡನಾಡಿನಲ್ಲಿಯೇ ಇತ್ತೆಂಬುದನ್ನು ಮರೆಯಬಾರದು. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆಯೂ ಅದರೊಡನೆ ಜಯಧವಲಾದಿಗಳೂ ಉಳಿದಿದ್ದುದು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಯಾತ್ರಿಕರಿಗೆ ಅವುಗಳ ದರ್ಶನವಾಗುತ್ತಿತ್ತು, ಓದು ಆಗುತ್ತಿರಲಿಲ್ಲ. ಬೊಂಬಾಯಿಯ ಸೇಠ್ ಮಾಣಿಕಚಂದರು 1883ರ ಯಾತ್ರೆಯಲ್ಲಿ ಅವುಗಳನ್ನು ಕಂಡು ಕಳವಳಪಟ್ಟು ಸೊಲ್ಲಾಪುರದ ಹಿರಾಚಂದರಿಗೆ ತಿಳಿಸಿದರು. ‘ಜೈನಬೋಧಕ’ದ ಈ ಸಂಪಾದಕರು ತಾವೇ ಮೂಡಬಿದಿರೆಗೆ ಹೋಗಿ ನೋಡಿ, ನಕಲು ಮಾಡಿಸಲೇಬೇಕೆಂದು ಪಟ್ಟುಹಿಡಿದರು, ಸಮಾಜದಿಂದ ಹಣ ಕೂಡಿಸಿದರು. ವರ್ಷಗಳ ಮಾತುಕತೆಯ ಬಳಿಕ 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಶಾಸ್ತ್ರಿಗಳೂ ನಕಲಿಗೆ ಕುಳಿತರು. ಆ ಕೆಲಸ ಎಲ್ಲ ಗ್ರಂಥಗಳಿಗೂ ಮುಗಿದದ್ದು 1922ರಲ್ಲಿ. ಆದರೂ ಹೊಸ ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೋಗಕೂಡದೆಂಬುದು ಅಲ್ಲಿನವರ ನಿರ್ಧಾರ.

ಮುಂದಿನದು ಸಂಕಟದ ಕಥೆ. ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದು ಉತ್ತರದ ಸಹಾರನಪುರದ ಲಾಲಾ ಜಂಬುಪ್ರಸಾದರನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಸೀತಾರಾಮ ಶಾಸ್ತ್ರಿಗಳೆಂಬವರು ತಮಗಾಗಿ ಮತ್ತೊಂದು ಪ್ರತಿ ಮಾಡಿಕೊಂಡರು. ಅದರ ನಕಲುಗಳು ಊರೂರಿಗೆ ಹರಡಿದವು. ಅಂಥ ಪ್ರತಿಗಳ ಆಧಾರದಿಂದ ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಬಳಿಕ ಮೂಡಬಿದಿರೆಯವರೂ ಮನಸ್ಸು ಬದಲಿಸಿ, ಮೂಲ ತಾಳೆಗರಿಗಳೊಡನೆ ಪಾಠವನ್ನು ಹೋಲಿಸಿ ನೋಡಲು ಸಹಕಾರವಿತ್ತರು. ಹದಿನಾರು ಸಂಪುಟಗಳು ಹೊರಬಂದವು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ತಪ್ಪು ಉಪದೇಶ ಮಾಡುವುದು, ಒಬ್ಬರ ಗುಟ್ಟನ್ನು ಬಯಲುಮಾಡುವುದು, ಕೂಟಲೇಖನ, ಒತ್ತೆಯಿಟ್ಟದ್ದನ್ನು ಮರೆಮಾಚುವುದು, ಮುಖಚರ್ಯೆಯಿಂದ ಇತರರ ಮನಸ್ಸನ್ನರಿತು ಪ್ರಕಟಿಸುವುದು. ಗುಟ್ಟು ನಕಲು ಇದರಲ್ಲಿ ಎಲ್ಲಿಗೆ ಸೇರುತ್ತದೆ? ನಂಬಿ ಕೆಲಸಕ್ಕೆ ಕೂರಿಸಿದವರಿಗೆ ತಿಳಿಸದೆ ಮಾಡಿದ್ದು ದೋಷವೇ. ಆದರೆ ನಾಲ್ಕನೆಯ ಅತಿಚಾರವನ್ನೂ ಓದಬೇಕಲ್ಲ: ಒತ್ತೆಯಾಗಿ ಇಟ್ಟದ್ದನ್ನು ಕೇಳಿದಾಗ ಪೂರ್ತಿ ಹಿಂದಿರುಗಿಸದಿರುವುದು. ಪುಷ್ಪದಂತ, ಭೂತಬಲಿ ಆಚಾರ್ಯರು ಗ್ರಂಥಸ್ಥಗೊಳಿಸಿದ ಆಗಮವು ಸಂಘಕ್ಕೆಲ್ಲ ಸೇರಿದ ಒತ್ತೆಯಾಗಿರಲಿಲ್ಲವೆ? ಗ್ರಂಥವನ್ನು ಐನೂರಕ್ಕೂ ಹೆಚ್ಚು ವರ್ಷ ಕಾಪಾಡಿದ ಮೂಡಬಿದಿರೆಗೆ ನಾವು ಎಷ್ಟು ಋಣಿಗಳೋ, ಅದನ್ನು ಬಿಡಿಸಿಕೊಂಡು ಬಂದವರಿಗೂ ಅಷ್ಟೇ ಋಣಿಗಳು. ನನ್ನ ಮಟ್ಟಿಗೆ ಹೇಳುವುದಾದರೆ ಶಾಸ್ತ್ರಿದಂಪತಿಗಳಿಗೆ ದೋಷವನ್ನೂ ಬರೆಯುತ್ತೇನೆ, ಅದರ ಎದುರಿಗೆ ಪುಣ್ಯವನ್ನೂ ಬರೆಯುತ್ತೇನೆ. ಎರಡನ್ನೂ ಒಂದಕ್ಕೊಂದು ವಜಾ ಹಾಕಿ ಶಿಲ್ಕು ತೆಗೆಯಲು ಹೋಗುವುದಿಲ್ಲ.

ಇದೇ ಐದು ಅತಿಚಾರಗಳನ್ನು ಅಳತೆಗೋಲಾಗಿಟ್ಟುಕೊಂಡರೆ ಆ ಕಾಲದ ಪತ್ರಿಕೆಗಳ ಗುಣದೋಷಗಳು ಚೆನ್ನಾಗಿ ಕಾಣುತ್ತವೆ. ಕೂಟಲೇಖನಕ್ಕಿಂತ ಹೆಚ್ಚಾಗಿ ನಮ್ಮ ಸಮಾಜಪತ್ರಿಕೆಗಳಿಗೆ ಅಂಟಿಕೊಂಡು ಬಂದ ದೋಷವೆಂದರೆ ಅರ್ಧ ಬರೆಯುವುದು. ಪಂಚಕಲ್ಯಾಣಕ್ಕೆ ದಾನವಿತ್ತವರ ಹೆಸರು, ಮೊತ್ತ ಎಲ್ಲವೂ ಬರುತ್ತವೆ. ಆ ಹಣ ಹೇಗೆ ವೆಚ್ಚವಾಯಿತೆಂಬ ಪುಟ ಬರುವುದಿಲ್ಲ. ಜಮೆಯುಂಟು, ಖರ್ಚಿಲ್ಲ. ವಾಣಿಜ್ಯಶಾಸ್ತ್ರ ಓದಿದ ಯಾವ ವಿದ್ಯಾರ್ಥಿಯೂ ಅಂಥ ಲೆಕ್ಕವನ್ನು ಒಪ್ಪನು, ನಮ್ಮ ಅಂಗಡಿಗಳಲ್ಲಿ ನಾವೂ ಒಪ್ಪುವುದಿಲ್ಲ. ಮದುವೆಯಾದ ಶ್ರೀಮಂತರ ಸುದ್ದಿಯುಂಟು. ವರದಕ್ಷಿಣೆ ಕೊಡಲಾರದೆ ಮಗಳನ್ನು ಮನೆಯಲ್ಲಿಟ್ಟುಕೊಂಡ ಬಡ ಉಪಾಧ್ಯಾಯನ ಸುದ್ದಿಯಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಬಹುಕಾಲ ಗಂಡಸರೇ ಹೆಂಗಸರಿಗೆ ಉಪದೇಶ ಬರೆದರು. ಮಾಣಿಕಚಂದರ ಮಗಳು, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಮಗನಬಾಯಿಯವರು ಬೊಂಬಾಯಿಯಲ್ಲಿ ಶ್ರಾವಿಕಾಶ್ರಮವನ್ನು ನಡೆಸಿದರು. ಆರಾದ ಪಂಡಿತೆ ಚಂದಾಬಾಯಿಯವರು 1920ರ ದಶಕದಲ್ಲಿ ‘ಜೈನ ಮಹಿಲಾದರ್ಶ’ವೆಂಬ ಹಿಂದಿ ಪತ್ರಿಕೆಯ ಸಂಪಾದಕರಾದರು. ಅಂಥವರು ಬಂದ ಮೇಲೆಯೇ ಆ ಪುಟಗಳಲ್ಲಿ ಹೆಂಗಸರ ಸ್ವಂತ ದನಿ ಕೇಳಿಸಿದ್ದು.

ಇಷ್ಟನ್ನೆಲ್ಲ ಬರೆಯುವುದಕ್ಕೆ ಒಂದು ಪ್ರತ್ಯಕ್ಷ ಕಾರಣವಿದೆ. ಬಸದಿಗಳ ಜೀರ್ಣೋದ್ಧಾರ ಸಮಯದಲ್ಲಿ, ಹಳೆಯ ಮನೆಗಳನ್ನು ಕೆಡಹುವಾಗ ಅಟ್ಟದಿಂದ ಪತ್ರಿಕೆಗಳ ಕಟ್ಟುಗಳು ಕೆಳಗಿಳಿಯುತ್ತವೆ. ತಾಳೆಗರಿಯ ಕಟ್ಟಾದರೆ ಕೈಮುಗಿದು ಮಠಕ್ಕೆ ಒಪ್ಪಿಸುತ್ತೇವೆ. ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯ ದಿನ, ಗ್ರಂಥಗಳ ಧೂಳು ಕೊಡವಿ, ಬಿಸಿಲಿಗೆ ಹಿಡಿದು, ಹೊಸ ಬಟ್ಟೆ ಸುತ್ತಿ ಪೂಜಿಸುತ್ತೇವೆ. ಅದೇ ಪೆಟ್ಟಿಗೆಯ ತಳದಲ್ಲಿದ್ದ ಪತ್ರಿಕೆಗಳು ಮಾತ್ರ ತೂಕಕ್ಕೆ ಹೋಗುತ್ತವೆ. ಅಂಗಡಿಗಳಲ್ಲಿ ಹಳೆಯ ಕಾಗದದಿಂದ ಪೊಟ್ಟಣ ಕಟ್ಟುತ್ತಿದ್ದ ಕಾಲದಲ್ಲಿ ಎಷ್ಟು ಸಂಚಿಕೆಗಳು ಕಡಲೆಬೇಳೆಯ ಜೊತೆ ಹೋದವೋ ಲೆಕ್ಕವಿಟ್ಟವರಿಲ್ಲ. ಪತ್ರಿಕೆಯು ಆಗಮವಲ್ಲ, ನಿಜ. ಅದಕ್ಕೆ ಪೂಜೆ ಬೇಕಿಲ್ಲ. 1925ರ ಮಹಾಮಸ್ತಕಾಭಿಷೇಕಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಬಂದು ಅಖಿಲ ಭಾರತ ಜೈನ ಸಮ್ಮೇಳನದಲ್ಲಿ ಮಾತನಾಡಿದರು. ಆ ಭಾಷಣವನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ದಿನ ಬೆಟ್ಟದ ಕೆಳಗೆ ಅಡಿಗೆ ಮಾಡಿದವರು, ನೀರು ಹೊತ್ತವರು, ಗಾಡಿ ಕಟ್ಟಿಕೊಂಡು ಕುಣಿಗಲ್ ತುಮಕೂರುಗಳ ಕಡೆಯಿಂದ ಬಂದವರು ಯಾರೆಂದು ತಿಳಿಯಬೇಕಾದರೆ ರಾಜಭಾಷಣ ಸಾಲದು, ಅಂದಿನ ಸಣ್ಣ ಸುದ್ದಿ ಬೇಕು.

ಟ್ರಸ್ಟಿನವರು ಇದಕ್ಕಾಗಿ ಕಟ್ಟಡ ಕಟ್ಟಿಸಬೇಕಾಗಿಲ್ಲ. ಒಂದು ಒಣ ಕಪಾಟು, ಬೇವಿನೆಲೆ, ಒಂದು ದಫ್ತರು ಸಾಕು. ಸಿಕ್ಕಿದ ಸಂಚಿಕೆಯ ಹೆಸರು, ತಿಂಗಳು, ವರ್ಷ, ಯಾವ ಊರಿನಿಂದ ಸಿಕ್ಕಿತು ಎಂಬುದನ್ನು ಬರೆದಿಟ್ಟು, ಬಲ್ಲವರಿಂದ ಒಂದೊಂದು ಪುಟದ ಚಿತ್ರ ತೆಗೆಸಿದರೆ ಮುಂದೆ ಓದುವವರು ಓದಿಕೊಳ್ಳುತ್ತಾರೆ. ರಟ್ಟು ಹಾಕಿಸುವಾಗ ಜಾಹೀರಾತಿನ ಹಾಳೆಗಳನ್ನು ಕಿತ್ತೆಸೆಯುವ ರೂಢಿಯೊಂದಿದೆ. ಕೀಳಿಸಬೇಡಿ, ಆಗಿನ ದರಗಳೂ ನಮ್ಮವರ ಅಂಗಡಿಗಳೂ ಇರುವುದು ಅಲ್ಲಿ. ಹೊದಿಕೆಯ ಮೇಲೆ ಅಂಟಿಸಿದ ವಿಳಾಸದ ಚೀಟಿಯಿದ್ದರೆ ಅದನ್ನೂ ಹರಿಯಬೇಡಿ. ಆ ಪತ್ರಿಕೆಯು ನಮ್ಮ ಹೋಬಳಿಯಲ್ಲಿ ಯಾರ ಮನೆಗೆ ಬರುತ್ತಿತ್ತೆಂಬುದಕ್ಕೆ ಬೇರೆ ದಾಖಲೆ ಇರುವುದಿಲ್ಲ.